ಲಕ್ಕಮ್ಮ ತಾಯಿಯ ಅಕ್ಕಿಯೂ ಮಠದ ಪಿಕಪ್ಪೂ





ಈ ಅಂಕಣದಲ್ಲಿ ಒಂದು ವಚನವನ್ನು ಎತ್ತಿಕೊಂಡು ಅದರ ಶಬ್ದಾರ್ಥ, ಭಾವಾರ್ಥಗಳನ್ನು ಅರಿತಷ್ಟು ನಿವೇದಿಸುವುದು ರೂಢಿ. ಈ ಸಲ ಆಯ್ದಕ್ಕಿ ಲಕ್ಕಮ್ಮನವರ ವಚನದ ಸರದಿ. ಬರೆಯಲು ಕುಳಿತೆನಾದರೂ, ಕಳೆದ ಶ್ರಾವಣದಲ್ಲಿ ನಮ್ಮ ಮಠದ ಪಿಕಪ್ ವಾಹನಕ್ಕೆ ಒದಗಿದ ಗತಿಯನ್ನು ಮುಚ್ಚಿಟ್ಟು ಆ ತಾಯಿಯ ಮಾತಿಗೆ ವ್ಯಾಖ್ಯಾನ ಬರೆದರೆ ಅದು ಪ್ರಾಮಾಣಿಕವಾಗದು ಎನಿಸಿತು. ಆದ್ದರಿಂದ ಓದುಗರು ಸ್ವಲ್ಪ ಹೊತ್ತು ಗ್ರೀಸು, ಡೀಸೆಲ್ಲು, ನಟ್ಟು ಬೋಲ್ಟುಗಳ ನಡುವೆ ನನ್ನೊಡನೆ ನಿಲ್ಲಬೇಕೆಂದು ಬಿನ್ನಹ.

2009ರಲ್ಲಿ ಭಕ್ತರೊಬ್ಬರು ಸೇವಾರ್ಥವಾಗಿ ಒಪ್ಪಿಸಿದ ವಾಹನವದು. ಬಂದಾಗ ಬಿಳಿಯ ಬಣ್ಣ, ಈಗ ನಮ್ಮ ಎರೆಮಣ್ಣಿನ ಬಣ್ಣ. ದಾಸೋಹದ ಅಕ್ಕಿ, ಜೋಳ, ಕಟ್ಟಿಗೆ, ಜಾತ್ರೆಯ ಪೆಂಡಾಲಿನ ಕಂಬಗಳು, ಅಚ್ಚಾಗಿ ಬಂದ ಗ್ರಂಥಗಳ ಕಟ್ಟುಗಳು, ಪ್ರಸಾದನಿಲಯದ ಹುಡುಗರ ಟ್ರಂಕುಗಳು, ಹೀಗೆ ಅದು ಹೊರದ ವಸ್ತುವಿಲ್ಲ. ಮೊದಲ ದಿನದಿಂದ ಇಂದಿನವರೆಗೆ ಅದನ್ನು ಓಡಿಸುತ್ತ ಬಂದವರು ಒಬ್ಬರೇ. ಅರುವತ್ತನ್ನು ಸಮೀಪಿಸಿದ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಗ್ರಂಥಸಂಪಾದನೆಯ ಜೊತೆಗೆ ಉಗ್ರಾಣದ ಲೆಕ್ಕ ಬರೆಯುವ ಹೊಣೆ ನನಗೆ ಬಂದು ಮೂರು ವರ್ಷವಾಯಿತು. ಅಂದರೆ ಗಾಡಿಗೆ ಎಷ್ಟು ಹೇರಬೇಕು, ಎಷ್ಟು ಸರತಿ ಹೋಗಿಬರಬೇಕು ಎಂಬ ನಿರ್ಧಾರ ನನ್ನದು. ಓಡಿಸುವ ಕೈ ಮಾತ್ರ ಅವರದು.

ಯುಗಾದಿಯ ಹೊತ್ತಿನಿಂದಲೇ ಕಾಕಾ ಹೇಳತೊಡಗಿದ್ದರು: "ಸರ, ಗಾಡಿ ಮುಂದ ಕುಂತೈತ್ರಿ." ತಗ್ಗಿಗೆ ಇಳಿದಾಗಲೆಲ್ಲ ಮುಂಭಾಗದಿಂದ ಧಡ್ ಎಂಬ ಸದ್ದು ಬರುತ್ತಿತ್ತು. ರಾತ್ರಿ ದೀಪದ ಬೆಳಕು ಮೊದಲಿನಷ್ಟು ದೂರ ಚಾಚದೆ ಮೂಗಿನ ಕೆಳಗೇ ಬೀಳುತ್ತಿತ್ತು. ಮುಂದಿನ ಟೈರುಗಳ ಒಳಮಗ್ಗುಲು ಸವೆದು ನುಣ್ಣಗಾಗಿ, ಹೊರಮಗ್ಗುಲಿನ ಗೀರುಗಳು ಇನ್ನೂ ಹೊಸದರಂತಿದ್ದವು. ಇವೆಲ್ಲವನ್ನೂ ಅವರು ನನಗೆ ಕೈಹಿಡಿದು ತೋರಿಸಿದ್ದುಂಟು. ಗಾಡಿಗೆ ವಯಸ್ಸಾಯಿತು, ಚಾಲಕನಿಗೂ ವಯಸ್ಸಾಯಿತು, ದೂರುವುದು ಸಹಜ ಎಂದುಕೊಂಡೆ. "ಶ್ರಾವಣ ಕಳೀಲಿ ಕಾಕಾ, ನೋಡೋಣು" ಎಂದು ಪ್ರತಿ ಸಲವೂ ಮುಂದೂಡಿದೆ. ಲೆಕ್ಕದ ಪುಸ್ತಕದಲ್ಲಿ ರಿಪೇರಿಯ ಖರ್ಚು ಸೊನ್ನೆಯೆಂದು ಕಾಣುವುದು ನನಗೆ ಒಂದು ಬಗೆಯ ಹೆಮ್ಮೆಯನ್ನೇ ಕೊಡುತ್ತಿತ್ತು.

ಶ್ರಾವಣದ ಮೂರನೆಯ ಸೋಮವಾರದ ಹಿಂದಿನ ದಿನ ಮೂರು ಊರುಗಳ ಭಕ್ತರು ಕೂಡಿಸಿಟ್ಟ ಅಕ್ಕಿಯನ್ನು ತರಲು ಹೋದೆವು. ಐವತ್ತು ಕಿಲೋ ತೂಕದ 32 ಚೀಲಗಳು. ಲೆಕ್ಕ ಹಾಕಿದರೆ 1,600 ಕಿಲೋ. ನೋಂದಣಿ ಪತ್ರದ ಪ್ರಕಾರ ಆ ಗಾಡಿ ಹೊರಬೇಕಾದದ್ದು ಒಂದು ಟನ್ನಿಗಿಂತ ತುಸು ಹೆಚ್ಚು, ಅಷ್ಟೆ. "ಎರಡ ಸರತಿ ಮಾಡೂಣ್ರಿ ಸರ" ಎಂದರು ಕಾಕಾ. ಸಂಜೆಗೆ ಪ್ರವಚನವಿತ್ತು, ನಾನೇ ಮಾತಾಡಬೇಕಿತ್ತು. ಇನ್ನೊಂದು ಸರತಿಗೆ ಎರಡು ತಾಸು ಬೇಕು, ಡೀಸೆಲ್ ಬೇರೆ. ನಾನು ನಗುತ್ತ, "ದಾಸೋಹದ ಅಕ್ಕಿ ಕಾಕಾ, ಬಸವಣ್ಣನೇ ಹೊರ್ತಾನ" ಎಂದೆ. ಸುತ್ತ ನಿಂತ ಭಕ್ತರು ಕೈಮುಗಿದರು. ಆ ಮಾತಿಗೆ ಎದುರಾಡುವುದು ಕಾಕಾರಿಂದ ಹೇಗೆ ಸಾಧ್ಯವಿತ್ತು? ಹೇರಿದರು. ಚೀಲಗಳು ಜಾರದಂತೆ ಹಿಡಿಯಲೆಂದು ಪ್ರಸಾದನಿಲಯದ ಇಬ್ಬರು ಹುಡುಗರು ಮೇಲೆ ಕುಳಿತರು. ಹಾಗೆ ಕೂರಿಸಬಾರದೆಂಬುದು ತಿಳಿಯದ ಸಂಗತಿಯೇನಲ್ಲ.

ಮಠಕ್ಕೆ ಆರು ಕಿಲೋಮೀಟರ್ ಇರುವಾಗ ಹಳ್ಳದ ಸಿಡಿಯ ಬಳಿ ರಸ್ತೆ ಕಿತ್ತುಹೋಗಿ ತಗ್ಗು ಬಿದ್ದಿತ್ತು. ಕಾಕಾ ಬ್ರೇಕ್ ಹಾಕಿದರು. ಗಾಡಿ ತಗ್ಗಿಗೆ ಇಳಿಯಿತು. ಬಂಡೆ ಒಡೆದಂಥ ಸದ್ದು. ಮುಂದಿನ ಎಡಭಾಗ ಕುಸಿಯಿತು. ಗಾಡಿ ತನ್ನಷ್ಟಕ್ಕೆ ಎಡಕ್ಕೆ, ಹಳ್ಳದ ಕಡೆಗೆ, ಎಳೆಯತೊಡಗಿತು. ಸ್ಟೇರಿಂಗ್ ತಿರುಗಿ ಹೊಡೆದ ಹೊಡೆತಕ್ಕೆ ಕಾಕಾರ ಬಲಗೈ ಮಣಿಕಟ್ಟು ಉಳುಕಿತು; ಆದರೂ ಬಿಡಲಿಲ್ಲ. ಅಂಚಿಗೆ ಎರಡು ಮಾರು ಉಳಿದಿರುವಾಗ ಗಾಡಿ ನಿಂತಿತು. ಮೇಲಿದ್ದ ಹುಡುಗರಲ್ಲಿ ಕಿರಿಯವನ ಗದ್ದ ಕ್ಯಾಬಿನ್ನಿನ ಅಂಚಿಗೆ ಬಡಿದು ಕೆಳದುಟಿ ಸೀಳಿತ್ತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ನನಗೆ ಏನೂ ಆಗಲಿಲ್ಲ. ನಾನು ಕ್ಯಾಬಿನ್ನಿನೊಳಗೆ, ಸಂಜೆಯ ಉಪನ್ಯಾಸದ ಟಿಪ್ಪಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಆ ಸಂಜೆ ನಾನು ನಲವತ್ತು ನಿಮಿಷ ಮಾತಾಡಿದೆ. ವಿಷಯ ಆಯ್ದಕ್ಕಿ ಲಕ್ಕಮ್ಮನವರ ವಚನಗಳು. ಹುಡುಗ ತುಟಿಗೆ ಪಟ್ಟಿ ಅಂಟಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ.

ಪೂಜ್ಯರು ಬೈಯಲಿಲ್ಲ. ಮರುದಿನ ಬೆಳಗ್ಗೆ ಕರೆಸಿ, "ಗಾಡಿ ರಿಪೇರಿ ಮುಗಿಯೂತನಕ ನೀವೂ ಅಲ್ಲೇ ಇರ್ರಿ" ಎಂದರು, ಅಷ್ಟೆ. ಗ್ಯಾರೇಜಿನಲ್ಲಿ ನನಗೇನು ಕೆಲಸ ಎಂದು ಕೇಳುವ ಧೈರ್ಯವಾಗಲಿಲ್ಲ.

ತಾಲೂಕು ಊರಿನ ಗ್ಯಾರೇಜಿಗೆ ಗಾಡಿಯನ್ನು ಎಳೆಸಿಕೊಂಡು ಹೋದೆವು. ಮೇಸ್ತ್ರಿ ಮೊದಲು ಸಿಮೆಂಟು ನೆಲದ ಮೇಲೆ ಗಾಡಿಯನ್ನು ಸಮನಾಗಿ ನಿಲ್ಲಿಸಿ, ಗಾಲಿಯ ನಡುಗುಂಬದಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದರು. ಎಡಬದಿ ಬಲಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಬಳಿಕ ನನ್ನನ್ನು ಗಾಡಿಯ ಕೆಳಗೆ ಬಗ್ಗಿಸಿ ಬ್ಯಾಟರಿ ಬಿಟ್ಟು ತೋರಿಸಿದರು. ಈ ಗಾಡಿಗೆ ಹಿಂದೆ ಕಮಾನ್ ಪಟ್ಟಿಗಳಿದ್ದರೆ ಮುಂದೆ ಎರಡೂ ಗಾಲಿಗೆ ಒಂದೊಂದು ಕಾಯಿಲ್ ಸ್ಪ್ರಿಂಗ್. ಚಕ್ಕುಲಿಯ ಸುತ್ತುಗಳನ್ನು ಒಂದರ ಮೇಲೊಂದು ಎತ್ತಿ ನಿಲ್ಲಿಸಿದಂತೆ, ಹೆಬ್ಬೆರಳಿನ ದಪ್ಪದ ಉಕ್ಕಿನ ಸುರುಳಿ. ಮೇಲೆ ಚಾಸಿಸ್, ಕೆಳಗೆ ಲೋವರ್ ಆರ್ಮ್. ಇವೆರಡರ ನಡುವೆ ನಿಂತು ಮುಂಭಾಗದ ಭಾರವನ್ನೆಲ್ಲ ಹೊರುವುದು ಅದು. ಎಡಗಡೆಯದರ ಕೆಳಗಿನ ಸುತ್ತು ತುಂಡಾಗಿ, ಗೇಣುದ್ದದ ಚೂರು ಆರ್ಮಿನ ಮೇಲೆ ಬಿದ್ದುಕೊಂಡಿತ್ತು.

ಮೇಸ್ತ್ರಿ ಆ ಚೂರನ್ನು ನನ್ನ ಅಂಗೈಗೆ ಇಟ್ಟರು. ಮುರಿದ ಮುಖದಲ್ಲಿ ಎರಡು ಬಣ್ಣಗಳಿದ್ದವು. ಅಂಚಿನಿಂದ ಅರ್ಧದವರೆಗೆ ಕಪ್ಪು, ತುಕ್ಕಿನ ಕಂದು; ಉಳಿದರ್ಧ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಕಪ್ಪಂದು ಹಳೇದ್ರಿ. ಹೊಳಿಯೂದು ನಿನ್ನೀದು. ಇದು ನಿನ್ನೆ ಮುರದಿಲ್ರಿ ಸರ, ನಿನ್ನೆ ಮುಗದೈತಿ."

ಸ್ಪ್ರಿಂಗಿಗೆ ಹಚ್ಚಿದ ಬಣ್ಣ ಎಲ್ಲೋ ಒಂದೆಡೆ ಕಲ್ಲು ಸಿಡಿದು ಎದ್ದುಹೋಗುತ್ತದೆ; ಅಲ್ಲಿ ತುಕ್ಕು ಹಿಡಿದು ಸಾಸಿವೆಯಷ್ಟು ಗುಳಿ ಬೀಳುತ್ತದೆ; ಪ್ರತಿಯೊಂದು ಹೊಡೆತಕ್ಕೂ ಆ ಗುಳಿಯಿಂದ ಬಿರುಕು ಕೂದಲೆಳೆಯಷ್ಟು ಒಳಕ್ಕೆ ಸರಿಯುತ್ತದೆ. ಬಿರುಕಿನೊಳಗೆ ನೀರು ಇಳಿದು ಆ ಭಾಗ ಕಪ್ಪಾಗುತ್ತದೆ. ಉಳಿದ ಗಟ್ಟಿಭಾಗ ಇನ್ನು ತಾಳಲಾರೆನೆಂಬಲ್ಲಿಗೆ ಬಂದಾಗ ಒಂದೇ ಏಟಿಗೆ ಹೋಗುತ್ತದೆ. ಯುಗಾದಿಯಿಂದ ಕಾಕಾ ಹೇಳುತ್ತಿದ್ದ ಮಾತುಗಳೆಲ್ಲ ಆ ಕಪ್ಪು ಭಾಗದಲ್ಲಿ ಬರೆದಂತಿತ್ತು.

ಆದರೂ ವಾದಿಸುವ ಚಟ ಹೋಗುವುದಿಲ್ಲ. "ಅಕ್ಕಿ ಹೇರಿದ್ದು ಹಿಂದೆ. ಹಿಂದಿನ ಪಟ್ಟಿ ಮುರಿಯಬೇಕಿತ್ತು. ಮುಂದಿನದು ಹೇಗೆ ಮುರಿಯಿತು?" ಎಂದು ಕೇಳಿದೆ. ಕಾಕಾ ಏನೂ ಅನ್ನಲಿಲ್ಲ. ಮೇಸ್ತ್ರಿ ಹೇಳಿದರು: ಭಾರ ತೀರ ಹಿಂದಕ್ಕಾದರೆ ಗಾಡಿಯ ಮೂತಿ ಮೇಲೆದ್ದು ಸ್ಟೇರಿಂಗ್ ಹಗುರಾಗುತ್ತದೆ, ಗಾಡಿ ಹಿಡಿತಕ್ಕೆ ಸಿಗದು. ಆದ್ದರಿಂದ ತಿಳಿದ ಚಾಲಕ ಚೀಲಗಳನ್ನು ಕ್ಯಾಬಿನ್ನಿಗೆ ಒತ್ತಿ ಒಟ್ಟುತ್ತಾನೆ. ಆಗ ಒಂದು ಪಾಲು ಭಾರ ಮುಂದಕ್ಕೆ ಬರುತ್ತದೆ. ಅದರ ಮೇಲೆ ಕ್ಯಾಬಿನ್ನಿನ ನೆತ್ತಿಯ ಕ್ಯಾರಿಯರಿನಲ್ಲಿ ನಾಲ್ಕು ಚೀಲ, ಮುಂದೆ ಕಬ್ಬಿಣದ ಗಾರ್ಡು, ಎಂಜಿನ್ನಿನ ತೂಕ ಇದ್ದೇ ಇದೆ. ಇಷ್ಟಾದ ಮೇಲೆ ಓಡುವ ಗಾಡಿಗೆ ಬ್ರೇಕ್ ಹಾಕಿದೊಡನೆ ಇಡೀ ಗಾಡಿಯ ಹೊರೆ ಮುಂದಕ್ಕೆ ವಾಲಿ, ಅದೇ ಕ್ಷಣದಲ್ಲಿ ಗಾಲಿ ತಗ್ಗಿಗೆ ಬಿದ್ದರೆ, ಹೊಡೆತ ತಿನ್ನುವುದು ಈ ಎರಡು ಸುರುಳಿಗಳೇ. ಆಘಾತ ಮಿತಿಮೀರಿದಾಗ ಉಕ್ಕಿಗೆ ಉಕ್ಕು ಬಡಿಯದಿರಲೆಂದು ಇಟ್ಟ ರಬ್ಬರು ಬಡಿದು ಬಡಿದು ಕನ್ನಡಿಯಂತೆ ನುಣುಪಾಗಿತ್ತು. ಧಡ್ ಸದ್ದು ಬರುತ್ತಿದ್ದುದು ಅಲ್ಲಿಂದ.

ನನ್ನ ಮುಂದಿನ ಮಾತು ಉಗ್ರಾಣದ ಲೆಕ್ಕಿಗನದು: ಮುರಿದದ್ದು ಎಡಗಡೆಯದು, ಅದೊಂದನ್ನೇ ಬದಲಿಸಿದರಾಗದೆ? ಇಲ್ಲವೇ ಗುಜರಿಯಲ್ಲಿ ಹಳೆಯದು ಸಿಗದೆ? ಸುತ್ತುಗಳ ನಡುವೆ ರಬ್ಬರಿನ ತುಂಡು ತುರುಕಿ ಎತ್ತರಿಸುತ್ತಾರೆಂದು ಕೇಳಿದ್ದೆ, ಅದನ್ನೂ ಹೇಳಿದೆ. ಮೇಸ್ತ್ರಿ ತಾಳ್ಮೆಯ ಮನುಷ್ಯ. ಒಂದೇ ಬದಲಿಸಿದರೆ ಹೊಸದು ಎತ್ತಿ ನಿಲ್ಲುತ್ತದೆ, ಹಳೆಯದು ಬಗ್ಗುತ್ತದೆ, ಗಾಡಿ ಓರೆಯಾಗಿ ಬ್ರೇಕಿನಲ್ಲಿ ಒಂದು ಕಡೆ ಎಳೆಯುತ್ತದೆ ಎಂದರು. ರಬ್ಬರು ತುರುಕಿದರೆ ಆ ಸುತ್ತು ಆಡುವುದು ನಿಂತು ಅದರ ಪಾಲಿನ ಕೆಲಸವೂ ಉಳಿದ ಸುತ್ತುಗಳ ಮೇಲೆಯೇ ಬೀಳುತ್ತದಂತೆ. ಗುಜರಿಯ ಮಾತಿಗೆ ಅವರು ಉತ್ತರಿಸುವ ಅಗತ್ಯವಿರಲಿಲ್ಲ. ಮುರಿದ ಚೂರು ಇನ್ನೂ ನನ್ನ ಕೈಯಲ್ಲೇ ಇತ್ತು. ಜೋಡಿಯನ್ನೇ ಹುಬ್ಬಳ್ಳಿಯಿಂದ ತರಿಸಿದೆವು. ಎಡ ಬಲಕ್ಕೆ ಬೇರೆ ಬೇರೆ ಬಲದವು ಇರುವುದುಂಟೆಂದು, ಸುರುಳಿಯ ಮೇಲಿನ ಬಣ್ಣದ ಗುರುತನ್ನು ನೋಡಿಯೇ ತೆಗೆದುಕೊಳ್ಳಬೇಕೆಂದು ಅವರು ಅಂಗಡಿಯವನಿಗೆ ಫೋನಿನಲ್ಲಿ ಎರಡೆರಡು ಸಲ ಹೇಳಿದರು.

ಬಿಚ್ಚುವ ಕೆಲಸವನ್ನು ನಾನು ಮೊದಲಿನಿಂದ ಕೊನೆಯವರೆಗೆ ಬ್ಯಾಟರಿ ಹಿಡಿದು ನೋಡಿದೆ. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಎತ್ತಿ, ಚಾಸಿಸ್ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿದರು. "ಜಾಕು ಎತ್ತಾಕ, ನಿಲ್ಲಾಕಲ್ಲ" ಎಂದು ತಮ್ಮ ಕೈಕೆಳಗಿನ ಹುಡುಗನಿಗೆ ಗದರಿದರು. ಗಾಲಿ ತೆಗೆದು, ಸುರುಳಿಯ ಹೊಟ್ಟೆಯೊಳಗಿನ ಶಾಕ್ ಅಬ್ಸಾರ್ಬರನ್ನು ಬಿಚ್ಚಿದರು. ಇನ್ನೊಂದು ಜಾಕನ್ನು ಲೋವರ್ ಆರ್ಮಿಗೆ ಆನಿಸಿದರು. ಸುರುಳಿಯನ್ನು ಎರಡು ಕೊಕ್ಕೆಗಳ ಕಂಪ್ರೆಸರಿನಿಂದ ಹಿಡಿದು ಬಿಗಿದು, ಅದರೊಳಗಿನಿಂದ ಒಂದು ಸರಪಣಿಯನ್ನು ಹಾಯಿಸಿ ಚಾಸಿಸ್ಸಿಗೆ ಕಟ್ಟಿದರು. ಸರಪಣಿ ಏಕೆಂದು ಕೇಳಿದೆ. ಒತ್ತಿಹಿಡಿದ ಸ್ಪ್ರಿಂಗ್ ತಪ್ಪಿಸಿಕೊಂಡು ಸಿಡಿದರೆ ಎದುರಿಗಿದ್ದವನ ಎದೆಗೂಡು ಉಳಿಯದು, ಸರಪಣಿ ಅದನ್ನು ಹಿಡಿಯುತ್ತದೆ. "ನೀವು ಈ ಕಡೆ ನಿಲ್ರಿ" ಎಂದು ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದರು.

ಬಾಲ್ ಜಾಯಿಂಟಿನ ನಟ್ಟನ್ನು ಪೂರ್ತಿ ತೆಗೆಯಲಿಲ್ಲ. ನಾಲ್ಕೈದು ಸುತ್ತು ಉಳಿಸಿ, ಪಕ್ಕದ ಕಬ್ಬಿಣಕ್ಕೆ ಸುತ್ತಿಗೆಯಿಂದ ಬಡಿದರು. ಕಚ್ಚಿಕೊಂಡಿದ್ದ ಗೂಟ ಟಕ್ಕೆಂದು ಬಿಟ್ಟಿತು. ಉಳಿಸಿದ ನಟ್ಟು ಆರ್ಮನ್ನು ತಡೆದು ನಿಲ್ಲಿಸಿತು. ಆಮೇಲೆ ನಟ್ಟು ತೆಗೆದು, ಜಾಕನ್ನು ಎಳ್ಳಷ್ಟೆಳ್ಳಷ್ಟೇ ಇಳಿಸಿದರು. ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ. ಆರ್ಮ್ ಬಾಗಿತು, ಸುರುಳಿ ಸಡಿಲಾಯಿತು, ಸರಪಣಿಯಲ್ಲಿ ತೂಗಿತು.

ಬಲಗಡೆಯದನ್ನೂ ಹೀಗೆಯೇ ತೆಗೆದು, ಹೊಸದರ ಪಕ್ಕದಲ್ಲಿ ನಿಲ್ಲಿಸಿದಾಗ ನಾನು ಬೆರಗಾದೆ. ಬಲಗಡೆಯದು ಎಲ್ಲಿಯೂ ಮುರಿದಿರಲಿಲ್ಲ, ಬಿರುಕಿರಲಿಲ್ಲ, ನೋಟಕ್ಕೆ ಗಟ್ಟಿಯಾಗಿತ್ತು. ಆದರೆ ಹೊಸದಕ್ಕಿಂತ ಎರಡು ಬೆರಳು ಗಿಡ್ಡ. ಸುರುಳಿ ತಗ್ಗುವಾಗ ಅದರ ಉಕ್ಕು ಒಳಗೊಳಗೆ ತಿರುಚಿಕೊಳ್ಳುತ್ತದೆ; ಭಾರ ಇಳಿದಾಗ ತಿರುಚು ಬಿಟ್ಟು ಮೊದಲಿನಂತಾಗುತ್ತದೆ. ಅದರ ಅಳವಿನೊಳಗಿನ ಹೊರೆಯಾದರೆ ಲಕ್ಷಾಂತರ ಸಲವೂ ಹಾಗೆಯೇ ಮರಳುತ್ತದೆ. ಅಳವು ಮೀರಿದರೆ, ಇಳಿಸಿದ ಮೇಲೆಯೂ ಸ್ವಲ್ಪ ತಿರುಚು ಉಳಿದುಬಿಡುತ್ತದೆ. ಹಾಗೆ ಉಳಿದುದರ ಮೊತ್ತವೇ ಆ ಎರಡು ಬೆರಳು. ಕಾಕಾ ಹಳೆಯ ಸುರುಳಿಯ ತಲೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಹೊಸದನ್ನು ಕೂರಿಸುವಾಗ ಸುರುಳಿಯ ತುದಿ ಆರ್ಮಿನ ಗುಳಿಯಲ್ಲಿ ಸರಿಯಾಗಿ ಬಂತೇ ಎಂದು ಬೆರಳಿನಿಂದ ತಡವಿ ನೋಡಿದರು. ಮೇಲೆ ಹೊಸ ರಬ್ಬರು ಗಾದಿ ಕೊಟ್ಟರು. ಬಾಲ್ ಜಾಯಿಂಟಿನ ನಟ್ಟು ಬಿಗಿದ ಮೇಲೆ ಹಳೆಯ ಸ್ಪ್ಲಿಟ್ ಪಿನ್ನನ್ನು ಎಸೆದು ಹೊಸದನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಅಗಲಿಸಿ ಮಡಚಿದರು. ಒಂದೆರಡು ರೂಪಾಯಿಯ ಹಳೆಯ ಪಿನ್ನು ಇನ್ನೂ ಚೆನ್ನಾಗಿತ್ತಲ್ಲ ಎಂದೆ. ಅದು ಹೋದರೆ ನಟ್ಟು ಹೋಗುತ್ತದೆ, ನಟ್ಟು ಹೋದರೆ ಗಾಲಿ ಮಲಗುತ್ತದೆ ಎಂಬ ಉತ್ತರ ಬಂತು. ಆಗ ನನಗೆ ನೆನಪಾದದ್ದು ಜೇಡರ ದಾಸಿಮಯ್ಯನವರು. ದೇಹವನ್ನು ಬಂಡಿಗೂ, ಶರಣರ ನುಡಿಯನ್ನು ಬಂಡಿಯ ಕಡೆಗೀಲಿಗೂ ಹೋಲಿಸಿದ ಅವರ ವಚನವನ್ನು ನಾನು ತರಗತಿಗಳಲ್ಲಿ ಎಷ್ಟು ಸಲ ವಿವರಿಸಿದ್ದೇನೋ! 'ಕಡೆಗೀಲು ಎಂದರೆ ಅಚ್ಚಿನ ತುದಿಯ ಕೀಲು' ಎಂದು ಅರ್ಥಕೋಶ ನೋಡಿ ಹೇಳಿದ್ದೆ. ಅದು ಕೈಗೆ ಹೇಗೆ ತಾಕುತ್ತದೆಂದು ಅಂದೇ ತಿಳಿದದ್ದು.

ಇನ್ನೊಂದು ಸಂಗತಿಯನ್ನು ಹೇಳಬೇಕು. ಆರ್ಮಿನ ಬುಷ್ ಬೋಲ್ಟುಗಳನ್ನು ಮೇಸ್ತ್ರಿ ಆಗ ಪೂರ್ತಿ ಬಿಗಿಯಲಿಲ್ಲ. ಗಾಲಿ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಮುಂಭಾಗವನ್ನು ಒತ್ತಿ ಕುಲುಕಿ, ಅದು ತನ್ನ ಭಾರದಲ್ಲಿ ತಾನು ನಿಂತ ಮೇಲೆಯೇ ಕೆಳಗೆ ಹೋಗಿ ಬಿಗಿದರು. ಎತ್ತಿಹಿಡಿದಾಗಲೇ ಬಿಗಿದರೆ ಬುಷ್ಷಿನ ರಬ್ಬರು ಗಾಡಿ ನಿಂತಿರುವಾಗಲೆಲ್ಲ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ ಎಂದು ಕಾರಣ ಹೇಳಿದರು. ಗ್ರಂಥಸಂಪಾದನೆಯಲ್ಲಿ ಇಷ್ಟು ಎಚ್ಚರ ನನಗಿದ್ದರೆ ನಮ್ಮ ಮಠದ ಪ್ರಕಟಣೆಗಳಲ್ಲಿ ತಿದ್ದೋಲೆ ಬೇಕಾಗುತ್ತಿರಲಿಲ್ಲ.

ಇನ್ನು ಲಕ್ಕಮ್ಮ ತಾಯಿಯ ಮಾತಿಗೆ ಬರುತ್ತೇನೆ. ಕತೆ ಎಲ್ಲರಿಗೂ ಗೊತ್ತು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯಿಂದ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅತಿಯಾಸೆ ಆಳುವವರ ಮನೆಗೆ ಸಲ್ಲುವಂಥದು, ಭಕ್ತರ ಮನೆಗಲ್ಲ ಎಂದು ಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಚೆಲ್ಲಿಬರಲು ಕಳುಹಿಸಿದರು.

ಇದನ್ನು ನಾನು ಇಷ್ಟು ದಿನ ಸ್ವಾರ್ಥದ ವಿರುದ್ಧದ ಮಾತೆಂದು ವಿವರಿಸುತ್ತ ಬಂದೆ. ತನಗಾಗಿ ಕೂಡಿಡಬೇಡ ಎಂಬುದೇ ತಾತ್ಪರ್ಯ, ನಾಳೆಗೆಂದು ಬಚ್ಚಿಡುವ ಗೃಹಸ್ಥರಿಗೆ ಹೇಳಿದ್ದು ಎಂದು. ಕೇಳುವ ಭಕ್ತರು ತಲೆದೂಗುತ್ತಿದ್ದರು, ನಾನು ಹಾಯಾಗಿ ವೇದಿಕೆ ಇಳಿಯುತ್ತಿದ್ದೆ. ಆದರೆ ಮಾರಯ್ಯನವರು ಆಯ್ದು ತಂದ ಅಕ್ಕಿ ಯಾರಿಗಾಗಿ? ಆ ಮನೆಯಲ್ಲಿ ಅಕ್ಕಿ ಬೇಯುತ್ತಿದ್ದುದು ಜಂಗಮ ದಾಸೋಹಕ್ಕೆ. ಹೆಚ್ಚು ತಂದದ್ದೂ ಕೂಡ ಅದಕ್ಕೇ ಆಗಿದ್ದಿರಬೇಕು. ಹಾಗಿದ್ದರೆ ತಾಯಿ ತಡೆದದ್ದು ಜಿಪುಣತನವನ್ನಲ್ಲ. ದಾಸೋಹದ ಹೆಸರಿನಲ್ಲಿ ಬಂದ ಹೆಚ್ಚಳವನ್ನೇ ತಡೆದರು. ಕಾರಣ ಎಷ್ಟೇ ಪವಿತ್ರವಾಗಿದ್ದರೂ ಅಳತೆ ಮೀರಿದ್ದು ಮೀರಿದ್ದೇ ಎಂಬುದು ಆ ವಚನದಲ್ಲಿದೆ. ಭಕ್ತನ ಮನಸ್ಸು ಶುದ್ಧವಾಗಿದ್ದರೆ ದಾಸೋಹಕ್ಕೆ ಬಡತನವಿಲ್ಲವೆಂಬ ಭಾವ ಅವರ ಬೇರೆ ವಚನಗಳಲ್ಲಿ ಬರುವುದನ್ನೂ ಇದರ ಜೊತೆಗಿಟ್ಟು ಓದಬೇಕು. "ಬಸವಣ್ಣನೇ ಹೊರ್ತಾನ" ಎಂದು ನಾನು 32 ಚೀಲ ಹೇರಿಸಿದಾಗ ಹೊತ್ತವರು ಬಸವಣ್ಣನವರಲ್ಲ. ಆ ಎರಡು ಸುರುಳಿಗಳು ಹೊತ್ತವು, ಕಾಕಾರ ಮಣಿಕಟ್ಟು ಹೊತ್ತಿತು. ಹೊಲಿಗೆ ಬಿದ್ದದ್ದು ಪರರ ಮನೆಯ ಹುಡುಗನ ತುಟಿಗೆ.

ಮರಳುವ ದಾರಿಯಲ್ಲಿ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿದೆವು. ಮುಂಭಾಗ ಎದ್ದುದರಿಂದ ದೀಪಗಳನ್ನೂ ತುಸು ಕೆಳಕ್ಕೆ ತಿರುಗಿಸಬೇಕಾಯಿತು. ಕಾಕಾರಿಗೆ ನಾನು ಕ್ಷಮೆ ಕೇಳಿದೆ. ಅವರು ಗೇರು ಬದಲಿಸುತ್ತ, "ಇರ್ಲಿ ಬಿಡ್ರಿ ಸರ, ಇನ್ನ ಮುಂದ ಸರತಿ ನಾ ಹೇಳ್ತೇನಿ, ನೀವು ಬರಕೋರಿ" ಎಂದರು. ಹುಡುಗನ ತಂದೆಯ ಮನೆಗೆ ಹೋಗಿ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಅವರು ಚಹಾ ಕೊಟ್ಟರು, ಒಂದೂ ಕಟುನುಡಿ ಆಡಲಿಲ್ಲ. ಆದರೆ ಮಗನನ್ನು ಮತ್ತೆ ಗಾಡಿಯ ಮೇಲೆ ಕೂರಿಸಬಾರದೆಂದು ಎರಡು ಸಲ ಹೇಳಿದರು.

ಆ ನಂತರದ ಅಕ್ಕಿ 38 ಚೀಲಗಳಿದ್ದವು. ಕಾಕಾ ಎಣಿಸಿ ಹತ್ತೊಂಬತ್ತಕ್ಕೆ ಕೈಯೆತ್ತಿದರು. ಕ್ಯಾರಿಯರ್ ಖಾಲಿ, ಮೇಲೆ ಯಾರೂ ಇಲ್ಲ. ಎರಡನೆಯ ಸರತಿಯ ಅಕ್ಕಿ ಮಠ ಸೇರುವಾಗ ಪ್ರವಚನ ಅರ್ಧ ಮುಗಿದಿತ್ತು; ಅಂದು ಮಾತಾಡಿದವರು ಬೇರೆಯವರು. ಹೊಸ ಸ್ಪ್ರಿಂಗ್ ಮೊದಮೊದಲು ಸ್ವಲ್ಪ ಕೂರುತ್ತದೆ, ಹದಿನೈದು ದಿನ ಓಡಿಸಿ ಮತ್ತೆ ಅಳೆಯಿರಿ ಎಂದು ಮೇಸ್ತ್ರಿ ಹೇಳಿದ್ದರು. ಉಗ್ರಾಣದ ಮುಂದಿನ ಕಲ್ಲುಹಾಸಿನ ಮೇಲೆ ಗಾಡಿ ನಿಲ್ಲಿಸಿ, ಕಾಕಾ ಟೇಪಿನ ಒಂದು ತುದಿ ಹಿಡಿದರು, ಇನ್ನೊಂದು ತುದಿ ನಾನು. ಎಡಕ್ಕೂ ಬಲಕ್ಕೂ ಒಂದೇ ಅಳತೆ ಬಂತು. ಅದನ್ನು ಲೆಕ್ಕದ ಪುಸ್ತಕದಲ್ಲಿ, ಅಕ್ಕಿಯ ಪುಟದ ಅಂಚಿನಲ್ಲಿ, ತಾರೀಖಿನೊಂದಿಗೆ ಬರೆದಿಟ್ಟಿದ್ದೇನೆ.